ಬೆಟಗೇರಿಯಲ್ಲಿ ನಮ್ಮ ಪ್ರೀತಿ ಭೋಜನ ಶುರುವಾದ ಬಗೆ

ಹೋದ ಸಲ ನಮ್ಮ ಚರ್ಚ್ ಸಭೆಯ ಪ್ರೀತಿ ಭೋಜನಕ್ಕೆ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಊಟಕ್ಕೆ, ಹತ್ತಿರ ಹತ್ತಿರ 400 ಮಂದಿ ಉಂಡರು. ಅರ್ಧದಷ್ಟು ಜನ ಓಣಿಯ ಬೇರೆ ಸಮಾಜದವರು. "ಇದು ಒಂದೆರಡು ವರ್ಷದ ಆಟ" ಎಂದಿದ್ದ ಹಿರಿಯರೇ ಈಗ ಬಡಿಸಲು ನಿಲ್ಲುತ್ತಾರೆ. ಬೇರೆ ಸಭೆಯವರೂ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಗದಗ ಪಕ್ಕದ ಬೆಟಗೇರಿಗೆ ಬಂದದ್ದು 1841ರಲ್ಲಿ. ಸುಗ್ಗಿ ಹಬ್ಬ, ಅಂದು ಸಭೆಯವರು ತಂದ ಕಾಳು, ಕಾಯಿ ಕಾಣಿಕೆಯ ಹರಾಜು ನಮಗೆ ಹೊಸದಲ್ಲ. ಆದರೆ ಹರಾಜು ಮುಗಿದರೆ ಎಲ್ಲರೂ ಮನೆಗೆ. ಇಷ್ಟು ವರ್ಷ ಜೊತೆಗೇ ಇದ್ದ ನೆರೆಯವರು ಗೇಟಿನ ಒಳಗೇ ಬರುತ್ತಿರಲಿಲ್ಲ.

ಅದಕ್ಕೇ ಅವರನ್ನೂ ಕರೆದು ಊಟ ಶುರು ಮಾಡಿದೆವು. ಮೊದಲೆರಡು ವರ್ಷ ಅಡುಗೆ ಗುತ್ತಿಗೆ ಕೊಟ್ಟೆವು. ತಲೆಗೆ ಸುಮಾರು 120 ರೂಪಾಯಿ. ಎರಡನೇ ವರ್ಷ ಗುತ್ತಿಗೆದಾರ ದರ ಏರಿಸಿದ, ಊಟವನ್ನೂ ಕಡಿಮೆ ತಂದ. ಕಡೇ ಪಂಕ್ತಿಗೆ ಬರೀ ಅನ್ನ ಸಾರು. ಕಮಿಟಿಯ ಗಂಟು ಕರಗಿತು, ಊಟ ನಿಲ್ಲಿಸಿ ಎಂದರು.

ಆಗ ನಾನು ಕೇಳಿದ್ದು ಒಂದೇ: ಕಾಣಿಕೆಯ ಜೋಳ, ಗೋಧಿ, ಬೆಲ್ಲ ಹರಾಜಿಗೆ ಹಾಕಬೇಡಿ, ಒಲೆಗೆ ಕೊಡಿ. "ಹಂಗಾದ್ರೆ ಸಭೆಗೆ ಆದಾಯ ಎಲ್ಲಿಂದ?" ಅಂತ ದೊಡ್ಡ ಗಲಾಟೆ ಆಯಿತು. ಕುಂಬಳಕಾಯಿ, ತೆಂಗು, ಕೋಳಿ ಹರಾಜಿಗೇ ಉಳಿದವು. ಉಣ್ಣಲು ಬಂದ ನೆರೆಯವರೂ ಸವಾಲು ಕೂಗಿದರು. ಒಂದು ತೆಂಗಿನಕಾಯಿ 600ಕ್ಕೋ 700ಕ್ಕೋ ಹೋಯಿತು! ಆ ವರ್ಷದ ಹರಾಜು ಹಿಂದಿನದಕ್ಕಿಂತ ಜಾಸ್ತಿಯೇ ಬಂತು.

ಊಟ ಪೂರ್ತಿ ಸಸ್ಯಾಹಾರಿ. ನಮ್ಮವರೇ ಕೆಲವರು ಮುಖ ಸಿಂಡರಿಸಿದರು, ನಾನು ಬಗ್ಗಲಿಲ್ಲ. ಓಣಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು ಅಂದರೆ ಬೇರೆ ದಾರಿಯಿಲ್ಲ ಅಲ್ವಾ? ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ದಿನಗಳಲ್ಲಿ ಹಬ್ಬದೂಟ ಬೇಡ ಎಂದು ಈಸ್ಟರ್ ಮುಗಿದ ಮುಂದಿನ ರವಿವಾರ ಸಂಜೆ ಇಟ್ಟೆವು. ಅಷ್ಟೊತ್ತಿಗೆ ಹಿಂಗಾರಿ ರಾಶಿಯೂ ಮನೆಗೆ ಬಂದಿರುತ್ತದೆ.

ರೊಟ್ಟಿಗೆ ಜನ ಹಿಡಿಯಬೇಡಿ. ಸಭೆಯ ಎಪ್ಪತ್ತು ಎಂಬತ್ತು ಮನೆಗಳಿಗೆ ಜೋಳ ಹಂಚಿ, ಮನೆಗೆ ಹತ್ತು ಹನ್ನೆರಡು ಕಟಕ ರೊಟ್ಟಿ ಕೇಳಿದೆವು. ವಾರ ಮೊದಲೇ ಬಡಿದಿಟ್ಟರೂ ಕೆಡುವುದಿಲ್ಲ. ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಮಾತ್ರ ಅಂದೇ.

ಹುಗ್ಗಿಗೆ ಕುಟ್ಟಿದ ಗೋಧಿ 15 ಕೆಜಿ, ಬೆಲ್ಲ 17–18 ಕೆಜಿ ಬೇಕಾಯಿತು. ಗೋಧಿ ಪೂರ್ತಿ ಅರಳುವ ತನಕ ಬೆಲ್ಲ ಮುಟ್ಟಬಾರದು. ಮೊದಲೇ ಹಾಕಿದರೆ ಎಷ್ಟು ಕುದಿಸಿದರೂ ಕಾಳು ಬಿರುಸೇ. ನಮ್ಮ ದೊಡ್ಡ ಹಂಡೆ ಇವತ್ತಿನ ತನಕ ತಳ ಹಿಡಿದಿಲ್ಲ. ಅದರ ಗುಟ್ಟು ಇಲ್ಲಿ ಬರೆಯಲ್ಲ, ಒಲೆ ಮುಂದೆ ಬಂದು ಕೂತವರಿಗೆ ತೋರಿಸುತ್ತೇನೆ. ನಡುವೆ ಒಂದು ವರ್ಷ ನವಣೆ ಹುಗ್ಗಿಯನ್ನೂ ನೋಡಿದೆವು. ಮನೆಯ ಪಾತ್ರೆಯಲ್ಲಿ ಬಲು ರುಚಿ. ಹಂಡೆಯಲ್ಲಿ ತಾಸಿನೊಳಗೆ ಮುದ್ದೆಯಾಗುತ್ತದೆ. ಮೊದಲ ಪಂಕ್ತಿಗಷ್ಟೇ ಸಾಕೆನ್ನುವವರು ಮಾಡಬಹುದು.

ಈಗ ಕೈಯಿಂದ ಹೋಗುವುದು ಎಣ್ಣೆ, ತುಪ್ಪ, ಹಾಲು, ಸೌದೆ, ಪಾತ್ರೆ ಬಾಡಿಗೆ. ತಲೆಗೆ 35–40 ರೂಪಾಯಿ ಬೀಳುತ್ತದೆ. ಹರಾಜಿನ ಹಣದಲ್ಲಿ ಈ ವರ್ಷ ಎರಡು ಹಂಡೆ ಸ್ವಂತಕ್ಕೇ ಕೊಂಡಿದ್ದೇವೆ. ಹತ್ತಿರದ ಸಭೆಯವರು ಬೇಕಾದರೆ ಒಯ್ಯಿರಿ, ಬಾಡಿಗೆ ಬೇಡ.