ಎಲೆಕ್ಟ್ರಿಕ್ ಡೆಲಿವರಿ ವ್ಯಾನ್ ಇದೆಯಾ? ಬ್ರೇಕ್ ಆಯಿಲ್ ಮರೆಯಬೇಡಿ

ಎಲೆಕ್ಟ್ರಿಕ್ ವ್ಯಾನ್‌ನಲ್ಲಿ ರೀಜನ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ) ಇರುವುದರಿಂದ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ. ಹಾಗಂತ ಬ್ರೇಕ್ ಆಯಿಲ್ ಕಡೆಗಣಿಸಬೇಡಿ. ಗಾಡಿ ಸುಮ್ನೆ ನಿಂತಿದ್ದರೂ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುವುದಿಲ್ಲ. ಶೇ 3.7ರಷ್ಟು ನೀರು ಸೇರಿದರೆ 155ರ ಆಸುಪಾಸಿನಲ್ಲೇ ಕುದಿಯಬಹುದು. ಬ್ಯಾಟರಿ ಫುಲ್ ಇದ್ದಾಗ ರೀಜನ್ ಕಡಿಮೆ. ಆಗ ಲೋಡ್ ಹೊತ್ತು ಘಾಟಿ ಇಳಿದರೆ ಕೆಲಸವೆಲ್ಲ ಆಯಿಲ್ ಬ್ರೇಕಿನದೇ ಅಲ್ವಾ? ಆಯಿಲ್ ಕುದ್ದರೆ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಿ. ಮ್ಯಾನುವಲ್‌ನಲ್ಲಿ ಇನ್ನೂ ಬೇಗ ಅಂತಿದ್ದರೆ ಅದೇ ಸರಿ. ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ. ಡಾಟ್ 5 ಸಿಲಿಕೋನ್‌ನದು, ಡಾಟ್ 4ರ ಜೊತೆ ಬೆರೆಸಲೇಬೇಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಲ್ಲಿ ಆಯಿಲ್ ಬದಲಿಸುವಾಗ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಉಪಕರಣ) ಹಾಕಿಯೇ ಬ್ರೇಕ್ ಪೈಪಿನ ಗಾಳಿ ತೆಗೆಯಬೇಕು. ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದೆಯಾ ಅಂತ ಮೊದಲೇ ಕೇಳಿ.