ಫ್ಲೂ ಮಿದುಳಿಗೆ ಪೆಟ್ಟು ಕೊಟ್ಟರೆ: ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಅಂದಾಜಿಸುವುದು ಹೇಗೆ?

ಫ್ಲೂ ಬಂದ ಮಕ್ಕಳಲ್ಲಿ ಹೆಚ್ಚಿನವರು ವಾರದೊಳಗೆ ಎದ್ದು ಆಡುತ್ತಾರೆ. ಎಲ್ಲೋ ಕೆಲವರಿಗೆ ಮಾತ್ರ ಜ್ವರ ಬಂದ ಒಂದೆರಡು ದಿನದಲ್ಲೇ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತದೆ. ಐಸಿಯು ಬಾಗಿಲಲ್ಲಿ ನಿಂತ ಅಪ್ಪ ಅಮ್ಮನದು ಆಗ ಒಂದೇ ಪ್ರಶ್ನೆ: 'ಮಗು ಮೊದಲಿನ ಹಾಗೆ ಆಗುತ್ತಾ?' ಇದಕ್ಕೆ ಉತ್ತರ ಹುಡುಕುವ ಕೆಲಸ ಜಾಸ್ತಿ ನಡೆದಿರುವುದು ಜಪಾನಿನಲ್ಲಿ.

ಮೊದಲು ಗಡಿಯಾರ ನೋಡಿ. ಫಿಟ್ಸ್ ಎಷ್ಟು ನಿಮಿಷ ಇತ್ತು? ನಿಂತ ಮೇಲೆ ಮಗು ಅಮ್ಮನನ್ನು ಗುರುತಿಸಿತೇ? ಮಾಮೂಲಿ ಜ್ವರದ ಫಿಟ್ಸ್ ಆದರೆ ಮಗು ಬೇಗ ಎಚ್ಚರಗೊಳ್ಳುತ್ತದೆ. ಗಂಟೆಗಟ್ಟಲೆ ಮಂಪರು ಇಳಿಯದಿದ್ದರೆ ಡಾಕ್ಟರಿಗೆ ಅನುಮಾನ ಶುರು. ಈ ಲೆಕ್ಕ ಮನೆಯವರೇ ಕೊಡಬೇಕು. ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ.

ಆಮೇಲೆ ರಕ್ತ ಪರೀಕ್ಷೆ, ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆ, ಎಂಆರ್‌ಐ. ಮಿದುಳಿನ ಒಳಗಿನ ಥಲಾಮಸ್ ಎರಡೂ ಬದಿಯಲ್ಲಿ ಕೆಟ್ಟಿದ್ದರೆ ಅದು ಎಎನ್ಇ (ಅಕ್ಯೂಟ್ ನೆಕ್ರೊಟೈಸಿಂಗ್ ಎನ್ಸೆಫಲೋಪತಿ, ಅಂದರೆ ಮಿದುಳಿನ ಭಾಗ ದಿಢೀರನೆ ಸಾಯುವ ಕಾಯಿಲೆ) ಎಂಬ ಘೋರ ರೂಪ. 1995ರಲ್ಲಿ ಜಪಾನಿನ ಮಿಜುಗುಚಿ ಮತ್ತು ಜೊತೆಗಾರರು ಇದನ್ನು ವಿವರಿಸಿದರು. ಇದಕ್ಕೆ 2015ರಲ್ಲಿ ಅಂಕಪಟ್ಟಿಯೂ ಬಂತು. ಬಿಪಿ ಕುಸಿದು ಶಾಕ್ ಆಗಿದ್ದರೆ 3 ಅಂಕ. ಮಿದುಳಿನ ಕಾಂಡಕ್ಕೆ ಪೆಟ್ಟಾಗಿದ್ದರೆ 2. ವಯಸ್ಸು 4 ವರ್ಷ ದಾಟಿದ್ದರೆ 2. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇದ್ದರೆ 1, ಬೆನ್ನಿನ ನೀರಿನಲ್ಲಿ ಪ್ರೋಟೀನ್ ಡೆಸಿಲೀಟರಿಗೆ 60 ಮಿಲಿಗ್ರಾಂ ದಾಟಿದರೆ 1. ಒಟ್ಟು 9ರಲ್ಲಿ 5 ಅಥವಾ ಜಾಸ್ತಿ ಬಂದರೆ ಮಗು ಸರಿಯಾಗಿ ಚೇತರಿಸಿಕೊಳ್ಳದ ಅಪಾಯ ಹೆಚ್ಚು. 0 ಅಥವಾ 1 ಬಂದರೆ ಕಡಿಮೆ. ಪರೀಕ್ಷೆಯ ಅಂಕದಂತಲ್ಲ ನೋಡಿ, ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ಹಾಗಂತ ಇದು ಜಾತಕವೂ ಅಲ್ಲ. ಇಂಥ ಅಂಕ ಬಂದ ಮಕ್ಕಳ ಗುಂಪಿಗೆ ಏನಾಯಿತು ಎಂದಷ್ಟೇ ಹೇಳುತ್ತದೆ.

ನನ್ನ ಪ್ರಕಾರ ನಿಜವಾಗಿ ಮೋಸ ಮಾಡುವುದು ಇನ್ನೊಂದು ಬಗೆ. ಮೊದಲ ದಿನ ದೀರ್ಘ ಫಿಟ್ಸ್. ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಎಂಆರ್‌ಐ ಕೂಡ ಸರಿಯಾಗಿರುತ್ತದೆ. 4ರಿಂದ 6ನೇ ದಿನದ ಹೊತ್ತಿಗೆ ಮತ್ತೆ ಫಿಟ್ಸ್, ಒಂದರ ಹಿಂದೊಂದು. ಆಗ ತೆಗೆದ ಚಿತ್ರದಲ್ಲಿ ಮಿದುಳಿನ ಬಿಳಿ ಭಾಗ ಕೊಂಬೆಗಳಿರುವ ಮರದಂತೆ ಹೊಳೆಯುತ್ತದೆ. ಇಂಥ ಮಕ್ಕಳು ಬದುಕುಳಿಯುವುದೇ ಹೆಚ್ಚು, ಆದರೆ ಮಾತು, ಕಲಿಕೆ ಹಿಂದೆ ಬೀಳಬಹುದು. ಹಾಗಾಗಿ ಮೊದಲ ಸ್ಕ್ಯಾನ್ ಚೆನ್ನಾಗಿದೆ ಎಂದು ಸುಮ್ನೆ ಮನೆಗೆ ಹೊರಡಬೇಡಿ. ಇನ್ನೂ ಎಷ್ಟು ದಿನ ಕಾಯಬೇಕು, ಮತ್ತೊಂದು ಎಂಆರ್‌ಐ ಬೇಕಾ ಎಂದು ಕೇಳಿ.

ಮನೆಯಲ್ಲಿ ಕೊಟ್ಟ ಔಷಧಿಯ ಹೆಸರನ್ನೂ ಹೇಳಿ. ನಮ್ಮಲ್ಲಿ ಜ್ವರಕ್ಕೆ ಮೆಫೆನಾಮಿಕ್ ಆಸಿಡ್ ಸಿರಪ್ ಕೊಡುವುದು ಮಾಮೂಲು ಅಲ್ವಾ? ಫ್ಲೂ ಇರುವ ಮಕ್ಕಳಿಗೆ ಅದನ್ನೂ ಡೈಕ್ಲೋಫೆನಾಕನ್ನೂ ಕೊಡದಂತೆ ಜಪಾನಿನಲ್ಲಿ ಎಚ್ಚರಿಸುತ್ತಾರೆ. ಆಸ್ಪಿರಿನ್ ಅಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕು, ಅದೂ ಮಗುವಿನ ತೂಕ ನೋಡಿ.