ಸಿಗರೇಟು ಬಿಟ್ಟ ಮೊದಲ ವಾರದ ಸಿಟ್ಟು: ಕೊಡಗಿನ ಕಾಲೇಜು ಹುಡುಗರಿಗೆ

ಸಿಟ್ಟು ಬಂದಾಗ ಒಂದು ದಮ್ಮು ಎಳೆದರೆ ತಲೆ ತಣ್ಣಗಾಗುತ್ತದೆ ಎಂಬುದು ಹಾಸ್ಟೆಲ್‌ಗಳಲ್ಲಿ ಬಲವಾದ ನಂಬಿಕೆ. ಆದರೆ ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಹುಟ್ಟುವ ಸಿಡಿಮಿಡಿಯನ್ನಷ್ಟೇ ಮುಂದಿನ ಸಿಗರೇಟು ತಣಿಸುತ್ತದೆ. ರೂಮ್‌ಮೇಟ್ ಮೇಲಿನ ಕೋಪ ಇದ್ದಲ್ಲೇ ಇರುತ್ತದೆ.

ಬಿಟ್ಟ ದಿನವೇ ರೇಗಾಟ ಶುರುವಾಗಿ, 2–3ನೇ ದಿನ ಜೋರಾಗಿ, 2ರಿಂದ 4 ವಾರದಲ್ಲಿ ಇಳಿಯುತ್ತದೆ. ಇಂಟರ್ನಲ್ಸ್ ಮುಗಿದ ಒಂದು ಶುಕ್ರವಾರ ಬಿಡಿ. ಕಷ್ಟದ ದಿನಗಳು ರಜೆಯಲ್ಲೇ ಕಳೆಯುತ್ತವೆ. ಜೊತೆಗಿರುವವರಿಗೆ ಮೊದಲೇ ಹೇಳಿಬಿಡಿ: "ಒಂದು ವಾರ ರೇಗಿದರೆ ಮನಸ್ಸಿಗೆ ಹಚ್ಕೋಬೇಡಿ."

ನಮ್ಮ ಕಡೆ ಹೆಚ್ಚಿನವರು ಎಡವುವುದು ಕಾಫಿಯಲ್ಲಿ. ಸಿಗರೇಟಿನ ಹೊಗೆ ಲಿವರ್ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿದರೆ ಕೆಫೀನ್ ಮೈಯಲ್ಲೇ ಉಳಿದು ಎದೆ ಡವಡವ, ನಿದ್ದೆ ಇಲ್ಲ, ಮಾತುಮಾತಿಗೆ ಸಿಟ್ಟು. ಅದನ್ನು ಸಿಗರೇಟು ಬಿಟ್ಟ ತಪ್ಪೆಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧಕ್ಕಿಳಿಸಿ, ಮಧ್ಯಾಹ್ನದ ನಂತರ ಬೇಡವೇ ಬೇಡ.

ಮೆಡಿಕಲ್ ಶಾಪಿನಲ್ಲಿ 2 ಮಿ.ಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನ್ನುವವರು 4 ಮಿ.ಗ್ರಾಂ ಬಗ್ಗೆ ಡಾಕ್ಟರನ್ನು ಕೇಳಿ. ನಿಧಾನ ಅಗಿಯಿರಿ, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರು ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಮಾಮೂಲಿ ಚ್ಯೂಯಿಂಗ್ ಗಮ್ಮಿನಂತೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಅಗಿಯುವಾಗಲೂ ಅದಕ್ಕೆ 15 ನಿಮಿಷ ಮೊದಲೂ ಕಾಫಿ, ಕಿತ್ತಳೆ ಬೇಡ: ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಜಗಳದ ನಡುವೆ ಚಟ ಎದ್ದರೆ "ಹತ್ತು ನಿಮಿಷ ಬಿಟ್ಟು ಮಾತಾಡೋಣ" ಎಂದು ಎದ್ದು ಹೋಗಿ. ಆ ಸೆಳೆತದ ಜೋರು ಸಾಮಾನ್ಯವಾಗಿ 3ರಿಂದ 5 ನಿಮಿಷ ಅಷ್ಟೇ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಾಗದಿದ್ದರೆ ಹಾಸ್ಟೆಲ್ ಮೆಟ್ಟಿಲು ಹತ್ತಿಳಿಯಿರಿ. ಅಂಗಡಿಯ ಸೂರಿನಡಿ ಮಾತ್ರ ನಿಲ್ಲಬೇಡಿ, ಅಲ್ಲೇ ಯಾರೋ ಒಬ್ಬರು ಸಿಗರೇಟು ಚಾಚುತ್ತಾರೆ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ.

ಒಂದು ಸೇದಿಬಿಟ್ಟರೆ ಪ್ಯಾಕ್ ಕೊಳ್ಳಬೇಡಿ. ಯಾವ ಹೊತ್ತು, ಯಾರ ಜೊತೆ ಎಂದು ಬರೆದಿಟ್ಟು ಮುಂದುವರಿಸಿ. 1800-11-2356ಕ್ಕೆ ಕರೆ ಮಾಡಿದರೆ ತಂಬಾಕು ಬಿಡಲು ಉಚಿತ ಸಲಹೆ ಸಿಗುತ್ತದೆ. ನಾಲ್ಕು ವಾರ ಕಳೆದರೂ ಕೈ ಮಾಡುವಷ್ಟು ಸಿಟ್ಟು ಬರುತ್ತಿದ್ದರೆ ಅದು ಬರೀ ನಿಕೋಟಿನ್ ಬಿಟ್ಟದ್ದರಿಂದ ಇರಲಿಕ್ಕಿಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ.